ಒಂದೂವರೆ ಗಂಟೆಯ ಮನ್‌ಸ್ಟರ್ಸ್ ಚಿತ್ರವನ್ನು ಒಂದು ಕಂತಿಗೆ ಇಳಿಸಿದ ನನ್ನ ಅನುಭವ

1981ರ ಫೆಬ್ರವರಿಯಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ಪ್ರಸಾರ ಮಾಡಿದ ‘ದಿ ಮನ್‌ಸ್ಟರ್ಸ್ ರಿವೆಂಜ್’ ಎಂಬ ಪುನರ್ಮಿಲನ ಚಿತ್ರವನ್ನು (ಹಳೆಯ ಧಾರಾವಾಹಿಯ ನಟರನ್ನು ವರ್ಷಗಳ ಮೇಲೆ ಮತ್ತೆ ಕೂಡಿಸಿ ತೆಗೆದ ಚಿತ್ರವನ್ನು) ಕತ್ತರಿಸಿ, ಬಣ್ಣ ತೆಗೆದು, ಭೂತಗಳಂತೆ ಕಾಣುವ ಮನೆಮಂದಿಯ ಕಥೆ ಹೇಳುವ 1964ರ ಮೂಲ ಹಾಸ್ಯ ಧಾರಾವಾಹಿ ‘ದಿ ಮನ್‌ಸ್ಟರ್ಸ್’ನ ಕಂತೊಂದರಂತೆ ಕಾಣಿಸಬಹುದು ಎಂದು ನಾನು ಹೇಳಿದಾಗ, ನನ್ನೊಡನೆ ಕೆಲಸ ಮಾಡುವ ಸಂಕಲನಕಾರರಲ್ಲಿ ಒಬ್ಬರೂ ಒಪ್ಪಲಿಲ್ಲ. ಹಳಸಿದ್ದನ್ನು ಬಿಸಿ ಮಾಡಿದರೆ ಊಟವಾಗುವುದಿಲ್ಲ ಎಂದರು ಒಬ್ಬ ಹಿರಿಯರು. ಬಣ್ಣ ತೆಗೆದ ಮಾತ್ರಕ್ಕೆ ಹಳೆಯ ಕಾಲ ಮರಳಿ ಬರುವುದಿಲ್ಲ ಎಂದರು ಕಲರ್ ಗ್ರೇಡಿಂಗ್, ಅಂದರೆ ಚಿತ್ರದ ಬಣ್ಣ ಬೆಳಕನ್ನು ಹದಗೊಳಿಸುವ ಕೆಲಸ, ಮಾಡುವ ಇನ್ನೊಬ್ಬರು. ಈಗ ಆ ಕಂತು ಸಿದ್ಧವಾಗಿದೆ, ಸುಮಾರು 26 ನಿಮಿಷ ಓಡುತ್ತದೆ, ಮತ್ತು ನಗಬೇಕಾದ ಕಡೆ ಜನ ನಗುತ್ತಾರೆ. ನಡೆದದ್ದನ್ನು ನೆನಪಿರುವಷ್ಟು ಬರೆಯುತ್ತೇನೆ. ಟೈಮ್‌ಲೈನ್ ಎಂದರೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ, ನೋಡ್ ಎಂದರೆ ಬಣ್ಣ ತಿದ್ದುವ ಒಂದೊಂದು ಹಂತ, ಚಾನೆಲ್ ಎಂದರೆ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಒಂದು; ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ಮೊದಲು ಚಿತ್ರದ ಕಾಯಿಲೆ ಎಲ್ಲಿದೆ ಎಂಬ ಮಾತು. ಅಭಿಮಾನಿಗಳನ್ನು ಕೇಳಿದರೆ ಪಾತ್ರಧಾರಿಗಳು ಬದಲಾದದ್ದೇ ಕಾರಣ ಎನ್ನುತ್ತಾರೆ. ಮನೆಯ ಯಜಮಾನ ಹರ್ಮನ್ ಆಗಿ ಫ್ರೆಡ್ ಗ್ವಿನ್, ಅಜ್ಜನಾಗಿ ಆಲ್ ಲೂಯಿಸ್, ಹರ್ಮನ್‌ನ ಹೆಂಡತಿ ಲಿಲಿಯಾಗಿ ಇವಾನ್ ಡಿ ಕಾರ್ಲೊ ಮರಳಿ ಬಂದರೂ, ಮಗ ಎಡ್ಡಿ ಮತ್ತು ಆ ಮನೆಯಲ್ಲಿ ಸಾಮಾನ್ಯ ಮನುಷ್ಯಳಂತೆ ಕಾಣುವ ಮರ್ಲಿನ್ ಪಾತ್ರಗಳಿಗೆ ಹೊಸಬರು ಬಂದರು ಎಂಬುದು ಅವರ ದೂರು. ನಾನು ಇದನ್ನು ಒಪ್ಪುವುದಿಲ್ಲ. ಮರ್ಲಿನ್ ಪಾತ್ರಧಾರಿ ಧಾರಾವಾಹಿ ಓಡುತ್ತಿದ್ದಾಗಲೇ ಒಮ್ಮೆ ಬದಲಾಗಿದ್ದರು, 1966ರಲ್ಲಿ ಬಂದ ‘ಮನ್‌ಸ್ಟರ್, ಗೋ ಹೋಮ್!’ ಚಿತ್ರದಲ್ಲಿ ಮತ್ತೊಮ್ಮೆ ಬದಲಾದರು. ಅದರಿಂದ ಯಾರ ನಗುವೂ ನಿಂತಿರಲಿಲ್ಲ. ನನ್ನ ಲೆಕ್ಕದಲ್ಲಿ ನಿಜವಾದ ತೊಂದರೆ ಸಿಡ್ ಸೀಸರ್. ಅವರು ಸಾಮಾನ್ಯ ನಟರಲ್ಲ, ಐವತ್ತರ ದಶಕದ ‘ಯುವರ್ ಶೋ ಆಫ್ ಶೋಸ್’ ಮೂಲಕ ಅಮೆರಿಕದ ದೂರದರ್ಶನ ಹಾಸ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಆದರೆ ಇಲ್ಲಿ ಮೇಣದ ಗೊಂಬೆಗಳ ಸಂಗ್ರಹಾಲಯವನ್ನಿಟ್ಟುಕೊಂಡು, ಯಂತ್ರ ಭೂತಗಳನ್ನು ಕಳ್ಳತನಕ್ಕೆ ಕಳುಹಿಸುವ ಡಾಕ್ಟರ್ ಡಯಾಬ್ಲೊ ಪಾತ್ರದಲ್ಲಿ ಅವರು ಬಂದಾಗಲೆಲ್ಲ ಚಿತ್ರದ ಗಡಿಯಾರ ಹರ್ಮನ್ ಮತ್ತು ಅಜ್ಜನ ಕೈಯಿಂದ ಜಾರಿ ಅವರ ಕೈಗೆ ಹೋಗುತ್ತದೆ. ಅವರ ಹಳೆಯ ಜೊತೆಗಾರ ಹೊವಾರ್ಡ್ ಮಾರಿಸ್ ಕೂಡ ಇಗೋರ್ ಆಗಿ ಬೆನ್ನಿಗೇ ಇದ್ದಾರೆ. ಅದೇ 1981ರಲ್ಲಿ ಬಂದ ‘ದಿ ರಿಟರ್ನ್ ಆಫ್ ದಿ ಬೆವರ್ಲಿ ಹಿಲ್‌ಬಿಲ್ಲೀಸ್’ ಎಂಬ, ಇನ್ನೊಂದು ಹಳೆಯ ಹಾಸ್ಯ ಧಾರಾವಾಹಿಯ ಪುನರ್ಮಿಲನ ಚಿತ್ರಕ್ಕೆ ‘ಯುವರ್ ಶೋ ಆಫ್ ಶೋಸ್’ನ ಇಮೊಜೀನ್ ಕೋಕ ಅವರನ್ನು ಕರೆತಂದದ್ದನ್ನು ನೋಡಿದರೆ, ಹಳೆಯ ಮನೆಗೆ ಹೊರಗಿನಿಂದ ದೊಡ್ಡ ಅತಿಥಿಯನ್ನು ಕರೆಸಿ ಮನೆಯವರನ್ನು ಅಡುಗೆಮನೆಗೆ ಅಟ್ಟುವುದು ಆಗಿನ ಪುನರ್ಮಿಲನ ಚಿತ್ರಗಳ ರೂಢಿಯಾಗಿತ್ತೇನೋ ಅನ್ನಿಸುತ್ತದೆ.

ಹೀಗಾಗಿ ನನ್ನ ಕ್ರಮ ಸರಳವಾಗಿತ್ತು. ಕಥೆಯನ್ನು ಉಳಿಸಲು ಹೋಗಬಾರದು, ಗ್ವಿನ್ ಮತ್ತು ಲೂಯಿಸ್ ಒಂದೇ ಫ್ರೇಮಿನಲ್ಲಿರುವ ತುಣುಕುಗಳನ್ನು ಮಾತ್ರ ಮೊದಲು ಟೈಮ್‌ಲೈನಿಗೆ ತರಬೇಕು, ಆಮೇಲೆ ಅವುಗಳ ನಡುವೆ ಎಷ್ಟು ಕಡಿಮೆ ಕಥೆ ಸಾಕೆಂದು ನೋಡಬೇಕು. ಇವರಿಬ್ಬರೂ ಮನ್‌ಸ್ಟರ್ಸ್‌ಗಿಂತ ಮೊದಲೇ ‘ಕಾರ್ 54, ವೇರ್ ಆರ್ ಯು?’ ಧಾರಾವಾಹಿಯಲ್ಲಿ ಪೊಲೀಸರಾಗಿ ಒಟ್ಟಿಗೆ ಕೆಲಸ ಮಾಡಿದವರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮಾತು ಎತ್ತಿಕೊಳ್ಳುವ ಅಭ್ಯಾಸ ಇಬ್ಬರಿಗೂ ರಕ್ತಗತವಾಗಿದೆ, 1981ರಲ್ಲಿಯೂ ಅದು ಮಾಸಿಲ್ಲ. ಹೀಗೆ ಹೆಕ್ಕಿ ತೆಗೆದ ಸಾಮಗ್ರಿ ಸುಮಾರು ಮೂವತ್ತೆಂಟು ನಿಮಿಷ ಬಂತು.

ಹೀಗೆ ಹೆಕ್ಕುವ ಮೊದಲೇ, ಚಿತ್ರವನ್ನು ಕಂಪ್ಯೂಟರಿಗೆ ತರುವಾಗಲೇ, ಒಂದು ತಕರಾರು. ಅಮೆರಿಕದಲ್ಲಿರುವ ನನ್ನ ಷಡ್ಡಕರು ತಂದುಕೊಟ್ಟ ಡಿವಿಡಿಯಲ್ಲಿ 1966ರ ಚಿತ್ರವೂ ಇದೂ ಜೊತೆಯಾಗಿದ್ದವು, ಬೆಲೆ ಆಗ ಸಾವಿರದ ಮುನ್ನೂರು ರೂಪಾಯಿಯ ಆಸುಪಾಸು. ಅದು ಅಮೆರಿಕದ ವಲಯಕ್ಕೆ ಬೀಗ ಹಾಕಿದ ಡಿಸ್ಕ್, ಅಂದರೆ ಆ ವಲಯಕ್ಕೆ ಹೊಂದಿಸಿದ ಡ್ರೈವಿನಲ್ಲಿ ಮಾತ್ರ ಓಡುವಂಥದ್ದು. ಡ್ರೈವಿನ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು. ಬಾಡಿಗೆಗೆ ತಂದ ಡ್ರೈವಿನ ಐದೂ ಸರದಿಗಳನ್ನು ನನಗಿಂತ ಮುಂಚಿನವರು ಮುಗಿಸಿಟ್ಟಿದ್ದರು, ಮತ್ತು ಮುಂಗಡ ಹಣ ವಾಪಸ್ ಬರಲಿಲ್ಲ. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಂಟುನೂರು ರೂಪಾಯಿಗೆ ಹಳೆಯ ಡ್ರೈವೊಂದನ್ನು ಕೊಂಡು, ಅದನ್ನು ಈ ಒಂದು ಕೆಲಸಕ್ಕೇ ಮೀಸಲಿಟ್ಟೆ.

ಫ್ರೇಮ್ ದರದ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತದೆ ಎಂಬ ವಿಷಯದಲ್ಲಿ ಒಂದೇ ಮಾತು. ನಮ್ಮ ಧಾರಾವಾಹಿಗಳ ರೂಢಿಯಂತೆ 25ರ ಟೈಮ್‌ಲೈನಿಗೆ ಇದನ್ನು ಎಳೆದರೆ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಚಿತ್ರ ಬಿಕ್ಕಳಿಸುತ್ತದೆ. ಅಮೆರಿಕದ ಟಿವಿಗಾಗಿ 29.97ಕ್ಕೆ ಹಿಗ್ಗಿಸಿದ್ದನ್ನು ಮೊದಲು ಹಿಂದಕ್ಕೆ ಬಿಡಿಸಿ, ಫಿಲ್ಮಿನ ವೇಗಕ್ಕೆ ಹತ್ತಿರದ 23.976ಕ್ಕೆ ತಂದು, ಆಮೇಲೆಯೇ ಕತ್ತರಿ ಮುಟ್ಟಬೇಕು.

ನಿಜವಾದ ಕಷ್ಟ ಬಣ್ಣದಲ್ಲಿತ್ತು. ಬಣ್ಣದ ಚಿತ್ರವನ್ನು ಕಪ್ಪು ಬಿಳುಪು ಮಾಡುವುದು ಅಪಚಾರವೆಂದು ವಾದಿಸಿದವರಿಗೆ ನಾನು ಹೇಳಿದ್ದು ಇಷ್ಟೇ: ಈ ಧಾರಾವಾಹಿಯ ಪರೀಕ್ಷಾ ಚಿತ್ರವನ್ನು ಮೊದಲು ಬಣ್ಣದಲ್ಲಿಯೇ ತೆಗೆದಿದ್ದರು. ಅದರಲ್ಲಿ ಹೆಂಡತಿಯ ಪಾತ್ರದ ಹೆಸರು ಫೀಬಿ, ಪಾತ್ರಧಾರಿ ಜೋನ್ ಮಾರ್ಷಲ್. ಆಮೇಲೆ ಕಪ್ಪು ಬಿಳುಪನ್ನು ಆರಿಸಿಕೊಂಡು, 1964ರ ಸೆಪ್ಟೆಂಬರಿನಿಂದ 1966ರ ಮೇ ತನಕ 70 ಕಂತುಗಳನ್ನು ಹಾಗೆಯೇ ಪ್ರಸಾರ ಮಾಡಿದರು. ಯೂನಿವರ್ಸಲ್ ಸ್ಟುಡಿಯೋದ ಮೂವತ್ತರ ದಶಕದ ಭೂತದ ಚಿತ್ರಗಳ ನೆರಳು ಈ ಮನೆಯ ಮೇಲೆ ಬೀಳುವುದು ಬೂದು ಬಣ್ಣದಲ್ಲಿ ಮಾತ್ರ. ಬಣ್ಣ ಬಂದೊಡನೆ ಹರ್ಮನ್ ಹಸಿರು ಬಳಿದುಕೊಂಡ ಎತ್ತರದ ಮನುಷ್ಯನಾಗಿ ಉಳಿಯುತ್ತಾನೆ.

ಮೊದಲ ಪ್ರಯತ್ನದಲ್ಲಿ ಸ್ಯಾಚುರೇಷನ್, ಅಂದರೆ ಬಣ್ಣದ ತೀವ್ರತೆಯನ್ನು, ಸೊನ್ನೆ ಮಾಡಿ ನೋಡಿದಾಗ ಸಿಕ್ಕಿದ್ದು ಗಂಜಿ. ಪೊಲೀಸರ ಮುಖ, ಮರ್ಲಿನ್ ಮುಖ, ಹರ್ಮನ್ ಮುಖ ಎಲ್ಲವೂ ಒಂದೇ ಬೂದು. ಮೂಲ ಧಾರಾವಾಹಿಯ ಕಂತೊಂದನ್ನು ಪಕ್ಕದಲ್ಲಿಟ್ಟು ಅಳೆದರೆ, ಅಲ್ಲಿ ಮನ್‌ಸ್ಟರ್ ಮನೆಯವರ ಮುಖ ಸುಣ್ಣದಷ್ಟು ಬಿಳಿ, ಮನುಷ್ಯರ ಮುಖ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅಲ್ಲಿ ಗ್ವಿನ್ ಮುಖಕ್ಕೆ ನೇರಳೆ ಬಣ್ಣ ಬಳಿಯುತ್ತಿದ್ದರಂತೆ, ಕಪ್ಪು ಬಿಳುಪು ಫಿಲ್ಮಿನಲ್ಲಿ ಅದು ಹೊಳೆಯುತ್ತದೆಂದು. ನನ್ನ ಕೈಯಲ್ಲಿದ್ದದ್ದು ಹಸಿರು. ಸಾಮಾನ್ಯ ಲೆಕ್ಕದಲ್ಲಿ ಬೆಳಕಿನ ಸುಮಾರು ಶೇ. 72 ಭಾಗ ಹಸಿರು ಚಾನೆಲ್‌ನಿಂದ, ಶೇ. 21 ಕೆಂಪಿನಿಂದ, ಶೇ. 7 ನೀಲಿಯಿಂದ ಬರುತ್ತದೆ. ಮನುಷ್ಯರ ಚರ್ಮದ ಬೆಳಕು ಹೆಚ್ಚಾಗಿ ಕೆಂಪಿನಲ್ಲಿ ಕೂತಿರುತ್ತದೆ. ಕೆಂಪನ್ನು ಬಹುತೇಕ ಹೊರಗಟ್ಟಿ, ಆ ಪಾಲನ್ನು ನೀಲಿಗೆ ಕೊಟ್ಟ ಕ್ಷಣದಲ್ಲಿ ಪೊಲೀಸರು ಕಪ್ಪಾದರು, ಹರ್ಮನ್ ಬೆಳ್ಳಗಾದ, ಲಿಲಿಯ ಕೆಂಪು ತುಟಿ ಮಸಿಯಂತೆ ಗಾಢವಾಯಿತು. ಆ ಒಂದು ಫ್ರೇಮನ್ನು ನಿಲ್ಲಿಸಿಕೊಂಡು ನಾನು ಬಹಳ ಹೊತ್ತು ನೋಡಿದೆ.

ಆದರೆ ಚಿತ್ರ ಓಡಿದಾಗ ಬೇರೆ ಕಥೆ. ಡಿವಿಡಿಯಲ್ಲಿ ಬಣ್ಣದ ಮಾಹಿತಿ ಬೆಳಕಿನ ಮಾಹಿತಿಯ ಕಾಲು ಭಾಗದಷ್ಟೇ ಇರುವುದರಿಂದ, ನೀಲಿಯನ್ನು ಎತ್ತಿದಷ್ಟೂ ಮುಖದ ಅಂಚಿನಲ್ಲಿ ಚೌಕಗಳು ಎದ್ದು ಕುಣಿಯತೊಡಗಿದವು. ಗ್ರೇಡಿಂಗ್ ಸ್ಟುಡಿಯೋ ಒಂದರಲ್ಲಿ ಗಂಟೆಗೆ ಸಾವಿರದ ಐನೂರರಂತೆ ಕೊಟ್ಟು ಎರಡು ರಾತ್ರಿ ಕೂತದ್ದು ವ್ಯರ್ಥ. ಚಿತ್ರದ ಕಲೆಗಳನ್ನು ನಯ ಮಾಡುವ ಅಲ್ಲಿಯ ದುಬಾರಿ ನಾಯ್ಸ್ ರಿಡಕ್ಷನ್ ಚೌಕಗಳ ಜೊತೆಗೆ ಅಜ್ಜನ ಮುಖದ ಸುಕ್ಕುಗಳನ್ನೂ ಅಳಿಸಿ ಮೇಣದ ಗೊಂಬೆ ಮಾಡಿಬಿಟ್ಟಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತನ್ನು ಮನೆಯಲ್ಲಿ ಆ ವಾರವಿಡೀ ಕೇಳಬೇಕಾಯಿತು. ಕೊನೆಗೆ ಫಲಿಸಿದ್ದು ಮನೆಯ ಕಂಪ್ಯೂಟರಿನಲ್ಲಿ, ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ. ಚಾನೆಲ್‌ಗಳನ್ನು ಒಡೆದು, ಬರೀ ನೀಲಿಯನ್ನು ಮಸುಕು ಮಾಡಿ, ಅಂಚುಗಳನ್ನು ಹಸಿರಿನಿಂದ ಮರಳಿ ಪಡೆದು, ಎಲ್ಲ ಮುಗಿದ ಮೇಲೆ ಒಂದೇ ಅಳತೆಯ ಫಿಲ್ಮ್ ಗ್ರೇನ್, ಅಂದರೆ ಹಳೆಯ ಫಿಲ್ಮಿನಲ್ಲಿ ಕಾಣುವ ಸಣ್ಣ ಕಣಗಳನ್ನು, ಹೊದಿಸಿದೆ. ಮಸುಕಿನ ಪ್ರಮಾಣವನ್ನೂ, ಅಂಚನ್ನು ಹಸಿರಿನಿಂದ ಎರವಲು ಪಡೆಯುವ ನೋಡ್ ಅನ್ನು ಎಲ್ಲಿ ಜೋಡಿಸಬೇಕೆಂಬುದನ್ನೂ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ದಾರಿ. ದಿಕ್ಕು ಹೇಳಿದ್ದೇನೆ, ಉಳಿದದ್ದು ಒಂದು ವಾರ ಕೂತರೆ ಯಾರಿಗಾದರೂ ಸಿಗುತ್ತದೆ.

ಕಪ್ಪು ಬಿಳುಪಿನ ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಡಿ ಕಾರ್ಲೊ ಹುಟ್ಟಿದ್ದು 1922ರಲ್ಲಿ, ಅವರ ತಂದೆಯ ಪಾತ್ರ ಮಾಡಿದ ಲೂಯಿಸ್ 1923ರಲ್ಲಿ, ಅಂದರೆ ಮಗಳೇ ಅಪ್ಪನಿಗಿಂತ ಹಿರಿಯಳು. ಧಾರಾವಾಹಿಯ ಕಾಲದಲ್ಲಿ ಮೇಕಪ್ಪು ಇದನ್ನು ಮುಚ್ಚಿತ್ತು. 1981ರ ಸಮತಟ್ಟು ಬೆಳಕಿನಲ್ಲಿ, ಬಣ್ಣದಲ್ಲಿ, ಮುಚ್ಚುವುದಿಲ್ಲ. ಮುಖಗಳ ಸುತ್ತ ಪವರ್ ವಿಂಡೋ (ಆ ಭಾಗವನ್ನು ಮಾತ್ರ ಬೇರ್ಪಡಿಸುವ ಗೆರೆ) ಬರೆದು ಹಿನ್ನೆಲೆಯ ಬೆಳಕನ್ನು ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿದ ಮೇಲೆ ಹದಿನೈದು ವರ್ಷ ಕರಗಿಹೋಯಿತು.

ಸಂಕಲನದಲ್ಲಿ ಡಯಾಬ್ಲೊನನ್ನು ಪೂರ್ತಿ ತೆಗೆದು ಹಾಕಿದ ಮೊದಲ ಆವೃತ್ತಿ ನಿಲ್ಲಲಿಲ್ಲ. ಪೊಲೀಸರು ಹರ್ಮನ್ ಮತ್ತು ಅಜ್ಜನನ್ನೇಕೆ ಹುಡುಕುತ್ತಿದ್ದಾರೆಂದು ನೋಡಿದವರು ಕೇಳಿದರು. ಸೀಸರ್ ಇರುವ ಒಂದು ನಿಮಿಷವನ್ನು ಮರಳಿ ಸೇರಿಸಿದಾಗ ಅವರ ಇಡೀ ಕಥೆಯೇ ಬಾಲದಂತೆ ಹಿಂದೆ ಬಂತು. ಕೊನೆಗೆ ಅವರ ಮಾತನ್ನೆಲ್ಲ ಬಿಟ್ಟು, ಸಂಗ್ರಹಾಲಯದ ಗೊಂಬೆಗಳ ಮೇಲೆ ಕ್ಯಾಮೆರಾ ಸಾಗುವ ಕೆಲವೇ ಸೆಕೆಂಡುಗಳನ್ನು ಇಟ್ಟುಕೊಂಡೆ. ತಮ್ಮಂತೆಯೇ ಕಾಣುವ ಗೊಂಬೆಗಳಿವೆ, ಊರಲ್ಲಿ ಕಳ್ಳತನ ಆಗಿದೆ. ಹಳೆಯ ಧಾರಾವಾಹಿಯ ಕಂತಿಗೆ ಇದಕ್ಕಿಂತ ಹೆಚ್ಚಿನ ಕಾರಣ ಎಂದೂ ಬೇಕಾಗಿರಲಿಲ್ಲ. ಟ್ರಾನ್ಸಿಲ್ವೇನಿಯಾ ಪ್ರಯಾಣ ಪೂರ್ತಿ ಹೋಯಿತು. ಅದಕ್ಕೆ ಬೇಸರಪಟ್ಟವರು ಯಾರೂ ಇಲ್ಲ. ಬಾಬ್ ಹೇಸ್ಟಿಂಗ್ಸ್ ಮಾಡಿದ ಒಪೆರಾ ಭೂತದ ಪಾತ್ರವನ್ನು ಮಾತ್ರ ಒಂದು ದೃಶ್ಯಕ್ಕೆ ಉಳಿಸಿದೆ, ಏಕೆಂದರೆ ಧಾರಾವಾಹಿಯ ಗಡಿಯಾರದಿಂದ ಹೊರಬರುವ ಕಾಗೆಗೆ ಧ್ವನಿ ಕೊಟ್ಟವರು ಅವರೇ. ತಿಳಿದವರಿಗೆ ಅದೊಂದು ಸಣ್ಣ ಉಡುಗೊರೆ.

ಎಲ್ಲರೂ ಹೆಚ್ಚು ಆಕ್ಷೇಪಿಸಿದ್ದು ನಗುವನ್ನು. ಮೂಲ ಧಾರಾವಾಹಿ ಪ್ರೇಕ್ಷಕರ ಎದುರು ಚಿತ್ರಿಸಿದ್ದಲ್ಲ, ಒಂದೇ ಕ್ಯಾಮೆರಾದಲ್ಲಿ ತೆಗೆದು, ಆಮೇಲೆ ನಗುವನ್ನು ಸೇರಿಸಿದ್ದು. ನಟರು ಆ ನಗುವಿಗೆ ಜಾಗ ಬಿಟ್ಟು ಮಾತಾಡುವುದನ್ನು ಕಲಿತಿದ್ದರು, ಗ್ವಿನ್ ಆ ಜಾಗವನ್ನು 1981ರಲ್ಲಿಯೂ ಬಿಡುತ್ತಾರೆ. ಅಜ್ಜನ ಮಾತು ಮುಗಿದ ಮೇಲೆ ಹರ್ಮನ್ ಕಣ್ಣು ಮೇಲೆತ್ತಿ, ಬಾಯಿ ತೆರೆದು, ಮುಚ್ಚಿ, ಆಮೇಲೆ ತಿರುಗುವ ಆ ಒಂದು ಸೆಕೆಂಡನ್ನು ಖಾಲಿ ಬಿಟ್ಟರೆ ನಟ ಮಾತು ಮರೆತಂತೆ ಕಾಣುತ್ತದೆ, ಕತ್ತರಿಸಿದರೆ ಹಾಸ್ಯವೇ ಸಾಯುತ್ತದೆ. ಅಲ್ಲಿ ನಗು ಬೇಕೇ ಬೇಕು. ನಾನು ಧಾರಾವಾಹಿಯ ಕಂತುಗಳಿಂದಲೇ, ಕೆಳಗೆ ಸಂಗೀತವಿಲ್ಲದ ನಗುಗಳನ್ನು ಹುಡುಕಿ ಹುಡುಕಿ ನಲವತ್ತರಷ್ಟು ತುಣುಕು ಕೂಡಿಹಾಕಿದೆ. ಗಮನಿಸಬೇಕಾದದ್ದು, ನಗುವನ್ನು ಮಾತು ಮುಗಿದ ಮೇಲೆ ಶುರು ಮಾಡಬಾರದು, ಕೊನೆಯ ಶಬ್ದದ ಬಾಲದ ಮೇಲೆಯೇ ಏರಿಸಬೇಕು. ಎಷ್ಟು ಫ್ರೇಮ್ ಮೊದಲು ಎಂಬುದು ನಟನಿಂದ ನಟನಿಗೆ ಬೇರೆ. ಗ್ವಿನ್‌ಗೆ ನಾಲ್ಕೈದು, ಲೂಯಿಸ್‌ಗೆ ಅದಕ್ಕಿಂತ ಹೆಚ್ಚು.

ಹುರುಪಿನಲ್ಲಿ ಇದೇ ಕ್ರಮವನ್ನು ಬೇರೆಡೆಯೂ ಪ್ರಯೋಗಿಸಿದೆ. ಬೆವರ್ಲಿ ಹಿಲ್‌ಬಿಲ್ಲೀಸ್ ಧಾರಾವಾಹಿಯ ಮೊದಲ ವರ್ಷಗಳು ಕಪ್ಪು ಬಿಳುಪಿನಲ್ಲಿದ್ದುದರಿಂದ ಅದರ ಪುನರ್ಮಿಲನ ಚಿತ್ರಕ್ಕೂ ಇದು ಒಗ್ಗೀತು ಎಂದುಕೊಂಡೆ. ಒಗ್ಗಲಿಲ್ಲ. ಅಜ್ಜಿಯ ಪಾತ್ರದ ಐರೀನ್ ರಯಾನ್ 1973ರಲ್ಲೇ ತೀರಿಕೊಂಡಿದ್ದರು, ಜೆಥ್ರೊ ಪಾತ್ರಕ್ಕೆ ಮ್ಯಾಕ್ಸ್ ಬೇರ್ ಜೂನಿಯರ್ ಬರಲಿಲ್ಲ. ಹೆಕ್ಕಿಕೊಳ್ಳಲು ಜೋಡಿಯೇ ಇಲ್ಲ. ದ್ವೀಪದಲ್ಲಿ ಸಿಕ್ಕಿಕೊಂಡವರ ಹಾಸ್ಯ ಧಾರಾವಾಹಿಯೊಂದರ ಪುನರ್ಮಿಲನ ಚಿತ್ರವಾಗಿ 1978ರಲ್ಲಿ ಎರಡು ಭಾಗಗಳಲ್ಲಿ ಬಂದ ‘ರೆಸ್ಕ್ಯೂ ಫ್ರಮ್ ಗಿಲಿಗನ್ಸ್ ಐಲೆಂಡ್’ ಸ್ಥಿತಿ ಬೇರೆ. ಜಿಂಜರ್ ಆಗಿದ್ದ ಟೀನಾ ಲೂಯಿಸ್ ಒಬ್ಬರನ್ನು ಬಿಟ್ಟರೆ ಎಲ್ಲರೂ ಇದ್ದಾರೆ, ಆದರೆ ದ್ವೀಪದಿಂದ ಪಾರಾದ ಮೇಲೆ ಅವರಿಗೆ ಮಾಡಲು ಕೆಲಸವಿಲ್ಲ. ಊರು ಸೇರುವ ಮುಂಚಿನ ಭಾಗದಿಂದ ಹನ್ನೆರಡು ನಿಮಿಷದ ಒಳ್ಳೆಯ ತುಣುಕು ಸಿಕ್ಕಿತು, ಅಲ್ಲಿಗೆ ಬಿಟ್ಟೆ.

ಖರ್ಚು ಒಟ್ಟು ಇಪ್ಪತ್ತು ಸಾವಿರದ ಒಳಗೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಸ್ಟುಡಿಯೋದ ಎರಡು ರಾತ್ರಿಗಳದು. ಚಿತ್ರದ ಹಕ್ಕು ನನ್ನದಲ್ಲವಾದ್ದರಿಂದ ಇದನ್ನು ಎಲ್ಲಿಯೂ ಏರಿಸಿಲ್ಲ, ಯಾರಿಗೂ ಪ್ರತಿ ಕೊಟ್ಟಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ, ಅಷ್ಟೇ. ತೋರಿಸುವಾಗ ಹಳೆಯ ಎರಡು ಕಂತುಗಳ ನಡುವೆ ಇದನ್ನು ಹೇಳದೆ ಸೇರಿಸಿಟ್ಟೆ. ಗ್ರೇಡಿಂಗ್ ಗೆಳೆಯರು ಹಸಿರು ಮುಖದ ಚಿತ್ರ ಯಾವಾಗ ಬರುತ್ತದೆಂದು ಕೊನೆಯ ತನಕ ಕಾಯುತ್ತಿದ್ದರು. ಹಳಸಿದ ಊಟದ ಮಾತಾಡಿದ್ದ ಹಿರಿಯರು ಎರಡನೆಯದು ಮುಗಿದಾಗ, “ಇದು ಎಷ್ಟನೇ ಸೀಸನ್ನಿನದು ಮಾರಾಯ, ಹುಡುಗ ಬೇರೆ ಇದ್ದಾನಲ್ಲ?” ಎಂದು ಕೇಳಿದರು. ಎಡ್ಡಿಯನ್ನು ಅವರು ಗುರುತಿಸಿದ್ದರಿಂದ, ಆ ಹುಡುಗನ ಹತ್ತಿರದ ಶಾಟ್ ಒಂದನ್ನು ತೆಗೆದು, ಬೆನ್ನು ಕಾಣುವ ಶಾಟ್ ಹಾಕಿದ್ದೇನೆ.