ಪೆನ್ಸಿಲ್ ಚಿತ್ರ ನೋಡಿ ಕೆತ್ತಿದ ಸೋಮನಾಥಪುರ

ಬರಿಯ ಪೆನ್ಸಿಲ್ ಚಿತ್ರ ನಂಬಿ ಮರಕ್ಕೆ ಉಳಿ ಇಡಬೇಡಿ, ಫೋಟೊ ಇಟ್ಟುಕೊಳ್ಳಿ ಎಂದು ಮೈಸೂರಿನ ನಮ್ಮ ಕಸುಬಿನವರು ಎಷ್ಟೋ ಹೇಳಿದರು. ಅಗ್ರಹಾರದ ಆ ಮನೆಯವರಿಗೆ ಮಾತ್ರ ತಮ್ಮ ಅಜ್ಜ ಬರೆದ, ಸೋಮನಾಥಪುರದ ಕೇಶವ ದೇವಾಲಯದ ಚಿತ್ರವೇ ತೇಗದಲ್ಲಿ ಬೇಕಿತ್ತು. ಫಲಕ ಈಗ ಅವರ ಗೋಡೆಯ ಮೇಲಿದೆ.

ಚಿತ್ರದಲ್ಲಿ ಜಗತಿಯ, ಅಂದರೆ ದೇವಾಲಯ ನಿಂತ ಎತ್ತರದ ಕಟ್ಟೆಯ, ಪಕ್ಕ ನಿಂತ ಇಬ್ಬರು ಹೆಂಗಸರನ್ನು ಅಳತೆಗೆ ಹಿಡಿಯಿರಿ ಎಂದರು ಹಿರಿಯರೊಬ್ಬರು. ಹಾಗೆ ಮಾಡಿದ ಮೊದಲ ಫಲಕದಲ್ಲಿ ಶಿಖರ ರಾಜಗೋಪುರದಷ್ಟು ಬೆಳೆಯಿತು. ಸುಮಾರು 8,000 ರೂಪಾಯಿಯ ತೇಗ ಮೂಲೆ ಸೇರಿತು. ಆಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಸೀರೆಯ ನೆರಿಗೆಯೊಳಗೇ ಗೋಡೆಯ ಪಟ್ಟಿಕೆಯ (ಅಡ್ಡಸಾಲು ಕೆತ್ತನೆಯ) ಗೆರೆಗಳು ಹಾದುಹೋಗಿವೆ. ಗುಡಿ ಬರೆದು ಮುಗಿಸಿದ ಮೇಲೆ, ಜಾಗ ತುಂಬಲು ಬರೆದ ಹೆಂಗಸರು ಅವರು. ಕಂಪ್ಯೂಟರಿನಲ್ಲಿ ಗೆರೆ ತಿದ್ದಿಸಲು ಇನ್ನೆರಡು ಸಾವಿರ ಹೋಯಿತು. ಅದರಲ್ಲಿ ನಕ್ಷತ್ರಾಕಾರದ ಗೋಡೆಯ ಮೊನೆಗಳೇ ಸವೆದುಹೋದವು.

ಕೈ ಹಿಡಿದದ್ದು ಜಗತಿ. ಅದರ ಮೇಲ್ಮೈ ಚಿತ್ರದಲ್ಲಿ ಒಂದೇ ಗೆರೆ. ಅಂದರೆ ಅಜ್ಜನ ಕಣ್ಣು ಅದೇ ಮಟ್ಟದಲ್ಲಿತ್ತು. ನೆಲದ ಮೇಲೆ ಕುಳಿತು ಬರೆದಿದ್ದಾರೆ. ಆನೆ, ಕುದುರೆ, ಬಳ್ಳಿಯ ಪಟ್ಟಿಕೆಗಳನ್ನು ಒಂದೊಂದು ಮುಖದಿಂದಲೂ ಎಳೆದು ನೋಡಿದೆ. ಓರೆ ಬೇರೆಬೇರೆಯಾದರೂ ಎಲ್ಲವೂ ಆ ಮಟ್ಟಕ್ಕೇ ಬಂದು ಸೇರಿದವು.

ಇನ್ನು ನೆರಳು. ಯಾವ ಕಪ್ಪು ನೆರಳಿನದು, ಯಾವುದು ಆಳದ್ದು ಎಂದು ಗೊತ್ತಾಗದೆ ಕೆತ್ತುವಂತಿಲ್ಲ. ಡಿಸೆಂಬರ್ ರಜೆಯಲ್ಲಿ ಬರೆದದ್ದು ಎಂದು ಮನೆಯವರು ಹೇಳಿದ್ದರು. ಚಿತ್ರದಲ್ಲೋ ದೇವಾಲಯದ ಮೂರು ಗುಡಿಗಳಲ್ಲಿ ಎಡಕ್ಕೆ ಜನಾರ್ದನನ ಗುಡಿಯ ಉತ್ತರದ ಗೋಡೆ ಕಾಗದದ ಬಿಳುಪು, ಬಲಕ್ಕೆ ಕೇಶವನ ಗುಡಿಯ ಹಿಂಬದಿ ಪೂರಾ ಗೀರು. ಡಿಸೆಂಬರಿನ ಬಿಸಿಲು ಉತ್ತರದ ಗೋಡೆಯನ್ನು ಮುಟ್ಟುವುದೇ ಇಲ್ಲ. ಹಾಗಾದರೆ ಚಿತ್ರ ಡಿಸೆಂಬರಿನದಲ್ಲ. ನಮ್ಮ ಸೀಮೆಯಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಅದಕ್ಕೇ ಮೇ ತಿಂಗಳಲ್ಲಿ ಹೋಗಿ ಅಂಗಳದ ವಾಯವ್ಯ ಮೂಲೆಯಲ್ಲಿ ಕುಳಿತೆ. ಹತ್ತೂವರೆ ಹೊತ್ತಿಗೆ ಗೀರುಗೀರಿಗೂ ನೆರಳು ಹೊಂದಿತು. ಅಷ್ಟು ನಿಖರವಾಗಿ ಈ ಊರಿನಲ್ಲಿ ಯಾರೂ ಓದಿರಲಾರರು.

ಚಿತ್ರಕಲೆ ಕಲಿಯುವ ಕೆಲವು ಹುಡುಗರನ್ನು ಅಲ್ಲೇ ಕೂರಿಸಿ ಬರೆಸಿದೆ. ಎಲ್ಲರ ಕೈಯಲ್ಲೂ ಶಿಖರ ಇರುವುದಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚು ಎತ್ತರವಾಯಿತು. ಅಜ್ಜನದೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಇಳಿಸುವ ಲೆಕ್ಕ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಖರ್ಚು 25,000ದ ಆಸುಪಾಸು, ಕೈಗೆ ಬಂದದ್ದು ಸುಮಾರು 40,000. ಬೇಡ ಎಂದವರಲ್ಲೇ ಒಬ್ಬರು ಮೊನ್ನೆ ಮೇಲುಕೋಟೆಯ ರಾಯಗೋಪುರದ ಚಿತ್ರ ತಂದುಕೊಟ್ಟರು. ಅಲ್ಲಿ ಇಂಥ ಜಗತಿಯ ಗೆರೆ ಸಿಗದು, ಕಂಬಗಳಿಂದಲೇ ಹಿಡಿಯಬೇಕು.