ಕೋಡಿ ಬೆಂಗ್ರೆಗೆ ಈಜಲು ಹೋಗುವ ಕೊಡಗಿನವರ ಗಮನಕ್ಕೆ

ಕಾಫಿ ಕೊಯ್ಲು ಮುಗಿದ ಬಿಡುವಿನಲ್ಲಿ ಸಂಪಾಜೆ ಘಾಟಿ ಇಳಿದು ಕಡಲಿಗೆ ಹೋಗುವವರು ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯನ್ನು ಖಂಡಿತ ನೋಡಬೇಕು. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸುವರ್ಣಾ ನದಿ ಇರುವ ಈ ಕಿರಿದಾದ ಮರಳುದಿಣ್ಣೆಯ ಊರು ಬಹುಮಟ್ಟಿಗೆ ದ್ವೀಪವೇ ಸರಿ. ಕಯಾಕಿಂಗ್‌ಗೆ ನದಿಯ ಬದಿಯೇ ಉತ್ತಮ. ಆದರೆ ನದಿ ಕಡಲು ಸೇರುವ ಅಳಿವೆಯ ಹತ್ತಿರ, ಅದರಲ್ಲೂ ಇಳಿತದ ಹೊತ್ತಿನಲ್ಲಿ, ನೀರಿಗೆ ಇಳಿಯಲೇಬಾರದು. ನದಿಯ ನೀರೂ ಇಳಿತದ ನೀರೂ ಒಟ್ಟಾಗಿ ಹೊರಗೆ ನುಗ್ಗುತ್ತವೆ.

ಕಾವೇರಿಯಲ್ಲೋ ತೋಟದ ಕೆರೆಯಲ್ಲೋ ಈಜು ಕಲಿತ ನಮ್ಮವರಿಗೆ ಮುಖ್ಯವಾಗಿ ಹೇಳಬೇಕಾದ ಮಾತೊಂದಿದೆ. ಎರಡೂ ಪಕ್ಕದಲ್ಲಿ ಅಲೆ ಒಡೆಯುತ್ತಿರುವಾಗ ನಡುವೆ ಶಾಂತವಾಗಿ, ತುಸು ಕಪ್ಪಾಗಿ ಕಾಣುವ ಪಟ್ಟಿಯೇ ಸುರಕ್ಷಿತವೆಂದು ಅನೇಕರು ಅಲ್ಲಿಗೇ ಇಳಿಯುತ್ತಾರೆ. ವಾಸ್ತವದಲ್ಲಿ ದಡಕ್ಕೆ ಬಂದ ನೀರು ಹಿಂದಿರುಗುವ ಸೆಳೆತದ ದಾರಿ ಅದೇ ಆಗಿರಬಹುದು. ಸಿಕ್ಕಿಕೊಂಡರೆ ದಡದತ್ತ ಹೋರಾಡದೆ, ತೇಲುತ್ತಾ ಕೈಯೆತ್ತಿ ಸಹಾಯ ಕೇಳಬೇಕು ಅಥವಾ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು.

ಲೈಫ್ ಜಾಕೆಟ್ ತೊಟ್ಟ ಮೇಲೆ ಅದರ ಹೆಗಲನ್ನು ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲದವರೆಗೆ ಜಾರಿದರೆ ಪಟ್ಟಿ ಸಡಿಲವಾಗಿದೆ ಎಂದರ್ಥ. ಪ್ಯಾರಾಸೇಲಿಂಗ್, ಜೆಟ್ ಸ್ಕೀ ಬೇಕೆಂದರೆ ಮಲ್ಪೆ ಹತ್ತಿರವಿದೆ. ಚಿಕ್ಕ ಮಕ್ಕಳಿದ್ದರೆ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಸಿಗುವ ಅಂತಾರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಕಡಲತೀರವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಿಯೂ ನೀರಿಗಿಳಿಯುವುದು ಬೇಡ.