ಶಿರಾಡಿ ಘಾಟಿಯಲ್ಲಿ ನಿಂತ ಹೈಬ್ರಿಡ್ ಕಾರು, ಮತ್ತು ಅಂಗೈಯಷ್ಟು ದೊಡ್ಡ ಪಂಪು

ಮೇ ತಿಂಗಳ ಮಧ್ಯಾಹ್ನ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಪೂಜೆ, ಊಟ ಮುಗಿಸಿ ಗುಂಡ್ಯ ದಾಟಿ ಹಾಸನದ ಕಡೆ ಹೊರಟಿದ್ದೆವು. ನನ್ನದು ಹೈಬ್ರಿಡ್ ಕಾರು, ಅಂದರೆ ಎಂಜಿನ್ನೂ ಕರೆಂಟ್ ಮೋಟಾರೂ ಸೇರಿ ಓಡಿಸುವಂಥದ್ದು. ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ ಮತ್ತು ಮಗಳು. ಶಿರಾಡಿ ಘಾಟಿಯಲ್ಲಿ ಎಂದಿನಂತೆ ಲಾರಿಗಳ ಸಾಲು. ಹತ್ತು ಮಾರು ಹೋಗುವುದು, ನಿಲ್ಲುವುದು. ಎಸಿ ಫುಲ್ ಇಟ್ಟಿದ್ದೆ.

ಒಂದು ಏರು ತಿರುವಿನಲ್ಲಿ ಗಾಡಿಯ ಪಿಕಪ್ ಕಡಿಮೆಯಾದಂತೆ ಅನ್ನಿಸಿತು. ಲೋಡ್ ಜಾಸ್ತಿ ಇರಬೇಕು ಅಂದುಕೊಂಡೆ. ಎರಡು ನಿಮಿಷದ ನಂತರ ಆಕ್ಸಿಲರೇಟರ್ ಒತ್ತಿದರೆ ಏನೂ ಇಲ್ಲ. ಎಂಜಿನ್ ಸದ್ದು ಬಂತು, ಆದರೆ ಗಾಡಿ ಎಳೆಯಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ತ್ರಿಕೋನ ಹತ್ತಿಕೊಂಡಿತು. ಕೆಳಗೆ ‘ಚೆಕ್ ಹೈಬ್ರಿಡ್ ಸಿಸ್ಟಂ’ ಅಂತ ಬಂತು. ಕಾರು ಹಿಂದಕ್ಕೆ ಜಾರಲು ಶುರುವಾಯಿತು.

ಬ್ರೇಕ್ ಒತ್ತಿ ಹಿಡಿದೆ. ಹಜಾರ್ಡ್ ಲೈಟ್ ಹಾಕಿದೆ. ಹಿಂದಿನ ಲಾರಿಯ ಡ್ರೈವರ್ ನೋಡಿ ಗಾಡಿ ನಿಲ್ಲಿಸಿದ, ಪುಣ್ಯಾತ್ಮ. ಬ್ರೇಕ್ ಸ್ವಲ್ಪ ಸ್ವಲ್ಪವೇ ಬಿಡುತ್ತಾ, ಹಿಂದಕ್ಕೆ ಜಾರಿಸುತ್ತಲೇ ಸ್ಟೀರಿಂಗ್ ತಿರುಗಿಸಿ ರಸ್ತೆಯ ಎಡ ಅಂಚಿಗೆ ತಂದೆ. ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಕೈ ನಡುಗುತ್ತಿತ್ತು. ಇಪ್ಪತ್ತು ವರ್ಷದಿಂದ ಹಾಸನದಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿ ಬದುಕಿದವನು ನಾನು. ಘಾಟಿಯಲ್ಲಿ ಕೆಟ್ಟು ನಿಂತ ಎಷ್ಟೋ ಗಾಡಿಗಳನ್ನು ಎಬ್ಬಿಸಿದ್ದೇನೆ. ನನ್ನದೇ ಗಾಡಿ, ಒಳಗೆ ನನ್ನದೇ ಮನೆಯವರು, ಆಗ ಆಗುವ ಭಯವೇ ಬೇರೆ.

ಲಾರಿಯವನು ಇಳಿದು ಬಂದು, “ಅಣ್ಣಾ, ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡೋಣ್ವಾ?” ಅಂದ. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು. ಆದರೆ ಈ ಗಾಡಿಯಲ್ಲಿ ಅದು ಆಗುವುದಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ.

ನನ್ನ ಕೆಲಸದ ಮುಕ್ಕಾಲು ಪಾಲು ಸೆಲ್ಫ್ ಮೋಟಾರ್ ಮತ್ತು ಡೈನಮೊ. ಈ ಕಾರಿನಲ್ಲಿ ಎರಡೂ ಇಲ್ಲ. ಎಂಜಿನ್ನಿನ ಪಕ್ಕ, ಗೇರ್‌ಬಾಕ್ಸ್ ಇರಬೇಕಾದ ಜಾಗದಲ್ಲಿ ಎರಡು ದೊಡ್ಡ ಮೋಟಾರ್‌ಗಳಿವೆ. ಒಂದು ಮೋಟಾರ್ ಎಂಜಿನ್ ಸ್ಟಾರ್ಟ್ ಮಾಡುತ್ತದೆ, ಆಮೇಲೆ ಅದೇ ಕರೆಂಟ್ ಹುಟ್ಟಿಸುತ್ತದೆ. ಇನ್ನೊಂದು ಚಕ್ರ ತಿರುಗಿಸುತ್ತದೆ. ಎಂಜಿನ್ನನ್ನೂ ಈ ಎರಡನ್ನೂ ಹಲ್ಲಿನ ಚಕ್ರಗಳ ಒಂದೇ ಕಟ್ಟು ಸೇರಿಸುತ್ತದೆ. ಮೊದಲನೇ ಮೋಟಾರ್ ಎದುರು ಬಲ ಕೊಟ್ಟು ಹಿಡಿದುಕೊಂಡರೆ ಮಾತ್ರ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತದೆ. ಅದು ಕೈ ಬಿಟ್ಟರೆ ಎಂಜಿನ್ ಸುಮ್ನೆ ಸದ್ದು ಮಾಡುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ನನಗೆ ಆಗಿದ್ದು ಅದೇ. ತಳ್ಳಿದರೂ ಅಷ್ಟೇ, ಚಕ್ರದ ಬಲ ಎಂಜಿನ್ನಿಗೆ ತಲುಪುವುದಿಲ್ಲ.

ಆ ಮೋಟಾರ್‌ಗಳಿಗೆ ಕರೆಂಟ್ ಅಳೆದು ಕೊಡುವುದು ಇನ್ವರ್ಟರ್. ನನ್ನ ಗಾಡಿಯ ನಿಕಲ್ ಬ್ಯಾಟರಿ 244.8 ವೋಲ್ಟಿನದು. ಅದನ್ನು ಬೇಕಾದಾಗ 650 ವೋಲ್ಟಿನವರೆಗೂ ಏರಿಸಿ, ಡಿಸಿ ಕರೆಂಟನ್ನು ಎಸಿ ಕರೆಂಟ್ ಮಾಡಿ ಮೋಟಾರಿಗೆ ಕಳಿಸುತ್ತದೆ. ಇಷ್ಟೆಲ್ಲ ಮಾಡುವ ಪೆಟ್ಟಿಗೆ ಬಿಸಿಯಾಗದೆ ಇರುತ್ತದೆಯೇ? ಅದಕ್ಕೇ ಅಂತ ಬೇರೆ ಕೂಲೆಂಟ್ (ತಂಪು ಮಾಡುವ ದ್ರವ), ಬೇರೆ ಡಬ್ಬಿ, ಬೇರೆ ಪಂಪು ಇದೆ. ಎಂಜಿನ್ನಿನ ಕೂಲೆಂಟಿಗೂ ಇದಕ್ಕೂ ಸಂಬಂಧ ಇಲ್ಲ. ಮೀಟರಿನಲ್ಲಿ ಕಾಣುವ ಟೆಂಪರೇಚರ್ ಮುಳ್ಳು ಎಂಜಿನ್ನಿನದು ಮಾತ್ರ. ಇನ್ವರ್ಟರ್ ಕುದಿಯುತ್ತಿದ್ದರೂ ಆ ಮುಳ್ಳು ಮಧ್ಯದಲ್ಲೇ ಆರಾಮಾಗಿ ನಿಂತಿರುತ್ತದೆ.

ಇದೆಲ್ಲ ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಬ್ಯಾಟರಿ ಹೋಯಿತು.

ಗಾಡಿ ಆಫ್ ಮಾಡಿ, ಬಾನೆಟ್ ಎತ್ತಿ ಬಿಟ್ಟೆ. ಅಮ್ಮ ಮತ್ತು ಮಗಳನ್ನು ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ಮರದ ಕೆಳಗೆ ಕೂರಿಸಿದೆ. ಸುಮಾರು ನಲವತ್ತು ನಿಮಿಷ ಆದ ಮೇಲೆ, ನೋಡೋಣ ಅಂತ ಪವರ್ ಬಟನ್ ಒತ್ತಿದೆ. ಗಾಡಿ ಓಡಲು ಸಿದ್ಧ ಅನ್ನುವ ರೆಡಿ ಲೈಟ್ ಬಂತು. ಗಾಡಿ ಏನೂ ಆಗದಂತೆ ಎಳೆಯಿತು. ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ನಿಧಾನಕ್ಕೆ ಸಕಲೇಶಪುರ ತಲುಪಿದೆವು. ಅಲ್ಲಿ ಮತ್ತೆ ಸ್ವಲ್ಪ ನಿಲ್ಲಿಸಿ ಹಾಸನಕ್ಕೆ ಬಂದೆವು.

ಮಾರನೇ ದಿನ ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಫೋನ್ ಮಾಡಿದೆ. “ಹತ್ತು ವರ್ಷದ ಗಾಡಿ ಅಲ್ವಾ ಸಾರ್, ಹೈಬ್ರಿಡ್ ಬ್ಯಾಟರಿ ಹೋಗಿರುತ್ತೆ. ಟೋ ಮಾಡಿಸಿ ತನ್ನಿ, ಬದಲಾಯಿಸೋಣ” ಅಂದರು. ಲಕ್ಷಗಳ ಮಾತು. ಫೋನ್ ಇಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಆದರೆ ಒಂದು ವಿಷಯ ಮನಸ್ಸಿಗೆ ಒಪ್ಪಲಿಲ್ಲ. ಸತ್ತ ಬ್ಯಾಟರಿ ನಲವತ್ತು ನಿಮಿಷ ಮಲಗಿ ಎದ್ದು ಘಾಟಿ ಹತ್ತಿಸುತ್ತದೆಯೇ?

ಬ್ಲೂಟೂತ್ ಸ್ಕ್ಯಾನರ್ ತಂದು ಮೊಬೈಲಿಗೆ ಜೋಡಿಸಿದೆ. ಸಾಮಾನ್ಯ ಆ್ಯಪ್ ಸಾಲದು, ಹೈಬ್ರಿಡ್ ಕಂಪ್ಯೂಟರಿನ ಮಾಹಿತಿ ಓದುವಂಥದ್ದು ಬೇಕು. ಮೊದಲು ಬ್ಯಾಟರಿ ನೋಡಿದೆ. ಅದರೊಳಗೆ 34 ಮಾಡ್ಯೂಲ್, ಅಂದರೆ ಚಿಕ್ಕ ಬ್ಯಾಟರಿಗಳು, ಎರಡೆರಡು ಸೇರಿ 17 ಬ್ಲಾಕ್. ಒಂದೊಂದು ಬ್ಲಾಕಿನ ವೋಲ್ಟೇಜ್ ಬೇರೆ ಬೇರೆ ಕಾಣುತ್ತದೆ. ಎಸಿ ಹಾಕಿ, ನಮ್ಮ ಬೀದಿಯ ಏರಿನಲ್ಲಿ ನಾಲ್ಕು ಸಲ ಎಳೆಸಿ ನೋಡಿದೆ. 17ಕ್ಕೆ 17 ಬ್ಲಾಕೂ ಒಟ್ಟಿಗೆ ಇಳಿದವು, ಒಟ್ಟಿಗೆ ಏರಿದವು. ನಡುವೆ ವ್ಯತ್ಯಾಸ ಅಂದರೆ 0.2 ವೋಲ್ಟ್. ಕೆಟ್ಟ ಮಾಡ್ಯೂಲ್ ಇದ್ದಿದ್ದರೆ ಲೋಡ್ ಬಿದ್ದಾಗ ಅದರ ಬ್ಲಾಕ್ ಮಾತ್ರ ಒಂದು ವೋಲ್ಟಿಗಿಂತ ಜಾಸ್ತಿ ಕುಸಿಯುತ್ತಿತ್ತು. ಆ ಹೊತ್ತಿಗೆ ಎದೆಯ ಮೇಲಿಂದ ಒಂದು ಮೂಟೆ ಇಳಿದ ಹಾಗಾಯಿತು.

ಆಮೇಲೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿದೆ. ಬ್ಯಾಟರಿ ಬದಲಿಸಿ ಅನ್ನುವ ಪಿ0ಎ80 ಇರಲಿಲ್ಲ. ಇದ್ದದ್ದು ಪಿ0ಎ93. ಅದರ ಅರ್ಥ ಇನ್ವರ್ಟರ್ ತಂಪು ಮಾಡುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಕೋಡ್ ಬಿದ್ದ ಕ್ಷಣದ ಲೆಕ್ಕವನ್ನು ಕಂಪ್ಯೂಟರ್ ಹಿಡಿದಿಟ್ಟಿರುತ್ತದೆ. ಅದರಲ್ಲಿ ಇನ್ವರ್ಟರ್ ತಾಪ 100 ಡಿಗ್ರಿ ದಾಟಿತ್ತು. ಕೋಡ್ ಅಳಿಸುವ ಮುಂಚೆ ಇದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಜನ ಮೊದಲು ಕೋಡ್ ಅಳಿಸಿಬಿಡುತ್ತಾರೆ, ಜೊತೆಗೆ ಈ ಲೆಕ್ಕವೂ ಹೋಗುತ್ತದೆ.

ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಇನ್ವರ್ಟರ್ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದೆ. ಬಿಸಿ ಇದ್ದಾಗ ಮಾತ್ರ ಮುಟ್ಟಲೇಬೇಡಿ. ಪಿಂಕ್ ಕೂಲೆಂಟ್ ಗೆರೆಯವರೆಗೂ ಇತ್ತು. ಮಗಳಿಗೆ ಪವರ್ ಬಟನ್ ಒತ್ತಿ ರೆಡಿ ಮಾಡು ಅಂದೆ. ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಪಂಪು ಓಡುತ್ತಿದ್ದರೆ ಕೂಲೆಂಟ್ ಸುಳಿ ತಿರುಗಬೇಕು, ಚಿಕ್ಕ ಚಿಕ್ಕ ಅಲೆ ಏಳಬೇಕು. ಏನೂ ಇಲ್ಲ. ಟಾರ್ಚಿನ ಬೆಳಕು ಕನ್ನಡಿಯ ಮೇಲೆ ಬಿದ್ದ ಹಾಗೆ ಅಲ್ಲಾಡದೆ ನಿಂತಿತ್ತು. ಬಂಪರ್ ಹತ್ತಿರ ಪಂಪಿನ ಬುಡಕ್ಕೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ಎರಡು ಸಲ ತಟ್ಟಿದೆ. ಡಬ್ಬಿಯಲ್ಲಿ ಕೂಲೆಂಟ್ ಒಮ್ಮೆಲೇ ನಡುಗಿ, ಸುಳಿ ಎದ್ದಿತು. ಹತ್ತು ಸೆಕೆಂಡ್ ತಿರುಗಿ ಮತ್ತೆ ನಿಂತಿತು. ಫ್ಯೂಸ್ ಸರಿ ಇತ್ತು. ಪ್ಲಗ್‌ವರೆಗೆ 12 ವೋಲ್ಟ್ ಬರುತ್ತಿತ್ತು. ಪಂಪೇ ಹಿಡಿದುಕೊಳ್ಳುತ್ತಿತ್ತು.

ಊರೊಳಗೆ ಓಡಾಡುವಾಗ ಯಾಕೆ ಗೊತ್ತಾಗಲಿಲ್ಲ ಅಂದ್ರೆ, ಅಲ್ಲಿ ಲೋಡೇ ಇಲ್ಲ. ಪಂಪು ಒಮ್ಮೆ ಓಡಿ ಒಮ್ಮೆ ನಿಂತರೂ ಹೇಗೋ ನಡೆಯುತ್ತದೆ. ಘಾಟಿಯಲ್ಲಿ ಏರು, ತುಂಬಿದ ಗಾಡಿ, ಎಸಿ, ಮೇ ತಿಂಗಳ ಸೆಕೆ, ಮುಂದಿನಿಂದ ಗಾಳಿ ಬಾರದ ವೇಗ, ಎಲ್ಲ ಒಟ್ಟಿಗೆ ಬಿತ್ತು. ಇನ್ವರ್ಟರ್ ಮೊದಲು ಬಲ ಕಡಿಮೆ ಮಾಡಿತು. ಆ ಎರಡು ನಿಮಿಷದ ‘ಪಿಕಪ್ ಇಲ್ಲ’ ಅನ್ನುವುದು ಅದೇ. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಆಮೇಲೆ ತನ್ನನ್ನು ಉಳಿಸಿಕೊಳ್ಳಲು ಪೂರ್ತಿ ಬಿಟ್ಟುಬಿಟ್ಟಿತು.

ಪಂಪು 12 ವೋಲ್ಟಿನದ್ದೇ ಆದರೂ ಕೈ ಹಾಕುವ ಜಾಗದ ಸುತ್ತ ಕಿತ್ತಳೆ ಬಣ್ಣದ ವೈರುಗಳಿವೆ. ಕಿತ್ತಳೆ ಅಂದರೆ ಹೈ ವೋಲ್ಟೇಜ್. ಕರೆಂಟ್ ಕೆಲಸ ಗೊತ್ತಿಲ್ಲದವರು ಅಲ್ಲಿಗೆ ಕೈ ಹಾಕಬೇಡಿ, ಕೈ ಮುಗಿದು ಹೇಳುತ್ತೇನೆ. ನಾನು ಗಾಡಿ ಆಫ್ ಮಾಡಿ, ರಿಮೋಟ್ ಕೀಯನ್ನು ಮನೆಯೊಳಗೆ ಇಟ್ಟು, 12 ವೋಲ್ಟ್ ಬ್ಯಾಟರಿಯ ಮೈನಸ್ ಬಿಚ್ಚಿ, 1000 ವೋಲ್ಟಿನ ರಬ್ಬರ್ ಗ್ಲೌಸ್ ಹಾಕಿಕೊಂಡು ಹೈ ವೋಲ್ಟೇಜ್ ಬ್ಯಾಟರಿಯ ಸಂಪರ್ಕ ಕಡಿಯುವ ಹಿಂದಿನ ಸರ್ವಿಸ್ ಪ್ಲಗ್ ಎಳೆದೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡೆ, ಬೇರೆ ಯಾರೂ ತಿಳಿಯದೆ ಹಾಕಬಾರದು ಅಂತ. ಇನ್ವರ್ಟರ್ ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್ ಇಳಿಯಲಿ ಅಂತ ಹತ್ತು ನಿಮಿಷ ಬಿಟ್ಟೆ. ಗಡಿಯಾರ ನೋಡಿಕೊಂಡೇ ಬಿಟ್ಟೆ.

ಬಂಪರ್ ಇಳಿಸಿ, ಕೂಲೆಂಟ್ ಖಾಲಿ ಮಾಡಿ, ಎರಡು ಹೋಸ್ ಕ್ಲಿಪ್ ಜರುಗಿಸಿದರೆ ಪಂಪು ಕೈಗೆ ಬರುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಬಿಚ್ಚಿ ನೋಡಿದೆ. ಬುಷ್ ಸವೆದು, ಒಳಗೆ ತಿರುಗುವ ರೋಟರ್ ಒಂದು ಕಡೆಗೆ ವಾಲಿ ಗೋಡೆಗೆ ಉಜ್ಜುತ್ತಿತ್ತು. ಉಜ್ಜಿದ ಜಾಗದಲ್ಲಿ ಅರ್ಧಚಂದ್ರದಂತೆ ಹೊಳೆಯುವ ಗೀರು. ಲಕ್ಷಗಳ ಮಾತಾಡಿದ್ದ ಜಾಗದಲ್ಲಿ ಹೊಸ ಪಂಪಿಗೆ ಆಗಿದ್ದು ಸಾವಿರಗಳ ಖರ್ಚು.

ಜಾಸ್ತಿ ಸಮಯ ತಿಂದಿದ್ದು ಪಂಪು ಬದಲಿಸುವ ಕೆಲಸ ಅಲ್ಲ, ಗಾಳಿ ತೆಗೆಯುವ ಕೆಲಸ. ಮೊದಲ ಸಲ ಕೂಲೆಂಟ್ ತುಂಬಿ ರೆಡಿ ಮಾಡಿದಾಗ ಪಂಪಿನಿಂದ ಗರ್ರ್ ಅನ್ನುವ ಸದ್ದು. ಒಳಗೆ ಗಾಳಿ ಸಿಕ್ಕಿಕೊಂಡರೆ ಹೊಸ ಪಂಪಿದ್ದರೂ ಕೂಲೆಂಟ್ ಹರಿಯುವುದಿಲ್ಲ, ಅದೇ ಕೋಡ್ ಮತ್ತೆ ಬರುತ್ತದೆ. ಗಾಳಿ ಬಿಡುವ ಬ್ಲೀಡರ್ ಸಡಿಲ ಮಾಡಿ, ಹೋಸ್ ಹಿಸುಕಿ, ಗುಳ್ಳೆ ಬಂದಷ್ಟೂ ಕೂಲೆಂಟ್ ಹಾಕಿ, ಆಫ್ ಮಾಡಿ, ಮತ್ತೆ ರೆಡಿ ಮಾಡಿ. ಮಧ್ಯಾಹ್ನದವರೆಗೆ ಇದೇ. ಕೊನೆಗೆ ಸದ್ದು ನಿಂತು, ಡಬ್ಬಿಯಲ್ಲಿ ಸುಳಿ ಒಂದೇ ಸಮ ತಿರುಗತೊಡಗಿತು. ನಲ್ಲಿ ನೀರು ಮಾತ್ರ ಹಾಕಬೇಡಿ, ಆ ಗಾಡಿಗೆ ಹೇಳಿದ ಕೂಲೆಂಟೇ ಹಾಕಿ.

ಎಲ್ಲ ಹೈಬ್ರಿಡ್ ಗಾಡಿಗಳಿಗೂ ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ ಟೊಯೊಟಾ ಪ್ರಪಂಚದಾದ್ಯಂತ 19 ಲಕ್ಷ ಪ್ರಿಯಸ್ ಕಾರುಗಳನ್ನು ವಾಪಸ್ ಕರೆಸಿತ್ತು. ಅಲ್ಲಿ ತೊಂದರೆ ಇನ್ವರ್ಟರ್ ಒಳಗಿನ ಟ್ರಾನ್ಸಿಸ್ಟರ್ ಬಿಸಿಯಾಗುವುದು, ಪರಿಹಾರ ಸಾಫ್ಟ್‌ವೇರ್. 2018ರಲ್ಲಿ ಮತ್ತೆ 24 ಲಕ್ಷ ಹೈಬ್ರಿಡ್ ಕಾರುಗಳನ್ನು ಕರೆಸಿತು. ತೊಂದರೆ ಬಂದಾಗ ನಿಧಾನವಾಗಿಯಾದರೂ ಓಡಬೇಕಾದ ಗಾಡಿ ಅಪರೂಪಕ್ಕೆ ಪೂರ್ತಿ ನಿಂತುಬಿಡಬಹುದು ಅನ್ನುವ ಕಾರಣಕ್ಕೆ. ಹಾಗಾಗಿ ನಿಮ್ಮ ಗಾಡಿಗೆ ಅಂಥ ಕರೆ ಬಂದಿದೆಯೇ ಅಂತ ಚಾಸಿ ನಂಬರ್ ಕೊಟ್ಟು ಮೊದಲು ವಿಚಾರಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಬ್ಯಾಟರಿಯೂ ಶಾಖಕ್ಕೆ ಹೆದರುತ್ತದೆ. ಅದನ್ನು ತಂಪು ಮಾಡುವುದು ಕಾರಿನ ಒಳಗಿನ ಗಾಳಿ. ಹಿಂದಿನ ಸೀಟಿನ ಆಸುಪಾಸಿನಲ್ಲಿ ಒಂದು ಜಾಲರಿ ಇರುತ್ತದೆ. ನಮ್ಮ ಕಡೆ ಅದರ ಮೇಲೆ ಬೆಡ್‌ಶೀಟ್, ಬ್ಯಾಗು, ದೇವಸ್ಥಾನದ ಪ್ರಸಾದದ ಬುಟ್ಟಿ ಎಲ್ಲ ಇಡುತ್ತಾರೆ. ನಾಯಿ ಕೂರಿಸಿಕೊಂಡು ಓಡಾಡುವವರ ಗಾಡಿಯಲ್ಲಿ ಒಳಗಿನ ಫ್ಯಾನ್ ಕೂದಲಿನಿಂದ ಕಂಬಳಿ ಹೊದ್ದ ಹಾಗೆ ಆಗಿರುವುದನ್ನು ನಾನೇ ಬಿಚ್ಚಿ ತೆಗೆದಿದ್ದೇನೆ.

ಇನ್ನೊಂದು ಅಭ್ಯಾಸ ಘಾಟಿ ಜಾಮಿನಲ್ಲಿ ನ್ಯೂಟ್ರಲ್‌ಗೆ ಹಾಕುವುದು. ಬೇರೆ ಗಾಡಿಗೆ ಸರಿ. ನನ್ನಂಥ ಹೈಬ್ರಿಡ್‌ನಲ್ಲಿ ನ್ಯೂಟ್ರಲ್ ಹಾಕಿದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಅದನ್ನು ಹೀರುತ್ತಲೇ ಇರುತ್ತದೆ. ಜಾಸ್ತಿ ಹೊತ್ತು ನಿಲ್ಲಬೇಕಾದರೆ ಪಾರ್ಕ್‌ಗೆ ಹಾಕಿ. ಕೆಟ್ಟು ನಿಂತರೆ ಮುಂದಿನ ಚಕ್ರ ನೆಲಕ್ಕೆ ತಾಗಿಸಿಕೊಂಡು ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರದ ಜೊತೆ ಮೋಟಾರ್ ತಿರುಗುತ್ತದೆ, ಕರೆಂಟ್ ಹುಟ್ಟುತ್ತದೆ. ಗಾಡಿ ಪೂರ್ತಿ ಮೇಲೇರಿಸುವ ಟ್ರಕ್ಕನ್ನೇ ಕರೆಸಿ.

2022ರಿಂದ ಈಚೆಗೆ ಹೈಬ್ರಿಡ್ ಗಾಡಿಗಳು ನಮ್ಮ ರಸ್ತೆಗಳಲ್ಲಿ ತುಂಬಾ ಹೆಚ್ಚಾಗಿವೆ, ಟ್ಯಾಕ್ಸಿಗೂ ಬಂದಿವೆ. ಹೋದ ತಿಂಗಳು ಒಬ್ಬ ಟ್ಯಾಕ್ಸಿ ಹುಡುಗ ಬಂದಿದ್ದ. “ಅಣ್ಣಾ, ನಾಳೆ ಪಾರ್ಟಿ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗ್ಬೇಕು, ಗಾಡಿ ಒಂದ್ಸಲ ನೋಡ್ತೀರಾ?” ಅಂದ. ಗಾಡಿಯ ಇಂಜಿನ್ ಆರಿ ತಣ್ಣಗಾಗುವವರೆಗೆ ಟೀ ಕುಡಿಸಿ ಕೂರಿಸಿದೆ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ರೆಡಿ ಮಾಡಿಸಿ, ಟಾರ್ಚನ್ನು ಅವನ ಕೈಗೇ ಕೊಟ್ಟೆ. ಬಗ್ಗಿ ನೋಡಿದ.

“ಆಡ್ತಾ ಇದೆ ಅಣ್ಣಾ,” ಅಂದ. “ಸುಳಿ ತಿರುಗ್ತಾ ಇದೆ.”

ಮುಚ್ಚಳ ಬಿಗಿ ಮಾಡಿ, ಬಾನೆಟ್ ಇಳಿಸಿ ಕಳಿಸಿದೆ.